ಇಂಚು, ಸೆಂಟು ಮತ್ತು ಪಾತ್ರೆ ತುಂಬಿದ ದಿನ

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ರೈಟರ್ ಕಾವ್ಯ ಮೊನ್ನೆ ಫೋನ್ ಮಾಡಿದ್ದಳು. "ಸಾರ್, ಮಳೆ ಅಳೆಯೋ ಗ್ಲಾಸ್ ಒರೆಸಿದ್ರೆ ಬಟ್ಟೆ ಎಳೆ ಒಳಗೇ ಅಂಟ್ಕೊಳ್ತದೆ. ನೀವೆಂತ ಮಾಡ್ತಿದ್ರಿ?" ಎಂದು ಕೇಳಿದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾನು ನಿವೃತ್ತನಾದ ಮೇಲೆ ಕೂಲಿಯ ಪುಸ್ತಕ ಎಲ್ಲಿದೆ, ಗೊಬ್ಬರದ ಚೀಟಿ ಎಲ್ಲಿದೆ, ಗೋದಾಮಿನ ಬೀಗದ ಕೈ ಎಲ್ಲಿದೆ ಎಂದು ಎಲ್ಲರೂ ಕೇಳಿದ್ದರು. ಗ್ಲಾಸಿನ ಬಗ್ಗೆ ಕೇಳಿದವಳು ಇವಳೊಬ್ಬಳೇ. "ಒರೆಸ್ಲೇಬೇಡ ಕಣಮ್ಮ, ತೊಳ್ದು ಬೋರಲು ಹಾಕು, ತಾನೇ ಒಣಗ್ತದೆ" ಎಂದೆ. ಆಮೇಲೆ ಕೊಡ್ಲಿಪೇಟೆಯ ನನ್ನ ಮನೆಯ ಜಗಲಿಯಲ್ಲಿ ಕುಳಿತು, ಇವಳಿಗೆ ಹೇಳಬೇಕಾದದ್ದು ಇನ್ನೂ ಬಹಳ ಇದೆಯಲ್ಲ ಅನಿಸಿ ಇದನ್ನು ಬರೆಯಲು ತೊಡಗಿದೆ.

ಎಸ್ಟೇಟ್ ರೈಟರ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಕಾಫಿ ತೋಟದಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಯಾರು ಯಾವ ಕೆಲಸಕ್ಕೆ ಎಂದು ಹಂಚುವುದು, ಪಿಕಿಂಗ್ ದಿನಗಳಲ್ಲಿ ಬಿಡಿಸಿದ ಕಾಫಿ ಹಣ್ಣು ತೂಗುವುದು, ಸಂಜೆ ಎಲ್ಲವನ್ನೂ ಪುಸ್ತಕಕ್ಕೆ ಏರಿಸುವುದು ರೈಟರನ ಕೆಲಸ. ಸಾಹುಕಾರರಿಗೂ ಆಳುಗಳಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದು ಪುಸ್ತಕಕ್ಕೆ ಏರದ ಕೆಲಸ. ಕಕ್ಕಬೆಯ ಹತ್ತಿರದ ಒಂದು ತೋಟದಲ್ಲಿ ನಾನು ಮೂವತ್ತಾರು ವರ್ಷ ಎರಡನ್ನೂ ಚೆನ್ನಾಗಿಯೇ ಮಾಡಿದೆ.

ಆದರೆ ನನ್ನ ಜೀವ ಇದ್ದದ್ದು ಮಳೆಯ ಪುಸ್ತಕದಲ್ಲಿ. ಕೊಡಗಿನ ತೋಟಗಳಲ್ಲಿ ಮಳೆ ಸುಮ್ಮನೆ ಬಿದ್ದು ಹೋಗುವಂತಿಲ್ಲ, ಅದು ಇಂಚು ಸೆಂಟುಗಳಲ್ಲಿ ತನ್ನ ಹೆಸರು ಹೇಳಿ ಹೋಗಬೇಕು. ಒಂದು ಇಂಚಿಗೆ ನೂರು ಸೆಂಟು. ಆಫೀಸಿನ ಮುಂದಿನ ಹುಲ್ಲಿನಲ್ಲಿ ನಮ್ಮದೊಂದು ತಾಮ್ರದ ಮಳೆಮಾಪಕ ಇತ್ತು. ಮೇಲೆ ಅಗಲವಾದ ಆಲಿಕೆ, ಕೆಳಗೆ ನೀರು ತುಂಬುವ ಪಾತ್ರೆ, ಆ ನೀರನ್ನು ಸುರಿದು ಅಳೆಯಲು ಗೆರೆ ಹಾಕಿದ ಉದ್ದನೆಯ ಗ್ಲಾಸು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕು. ಜೋರು ಮಳೆಗಾಲದಲ್ಲಿ ಸಂಜೆಯೂ ಒಮ್ಮೆ. ಎಂಟೂ ಮೂವತ್ತೈದಕ್ಕೆ ಬಂಗಲೆಯಲ್ಲಿ ಫೋನು ಶುರುವಾಗುತ್ತಿತ್ತು. "ನಿಮ್ಮಲ್ಲೆಷ್ಟು?" "ನಮ್ಮಲ್ಲಿ ಎಂಬತ್ತು ಸೆಂಟು." "ಅಷ್ಟೆಯಾ? ನಮ್ಮಲ್ಲಿ ಒಂದು ಹತ್ತು!" ಮಕ್ಕಳ ಪರೀಕ್ಷೆಯ ಅಂಕ ಹೇಳುವಾಗಲೂ ಜನ ಇಷ್ಟು ಬೀಗುವುದನ್ನು ನಾನು ಕಂಡಿಲ್ಲ.

ನಮ್ಮ ಸಾಹುಕಾರರು ಚಿಣ್ಣಪ್ಪನವರು. ಮಾತು ಜೋರು, ಮನಸ್ಸು ಮೆತ್ತಗೆ. ಅವರಿಗೆ ಆಗದ ಒಂದೇ ಒಂದು ಪದ 'ಸುಮಾರು'. ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ನಾನು "ಸುಮಾರು ಎರಡು ಇಂಚು" ಎಂದುಬಿಟ್ಟೆ. ಅವರು ಕಾಫಿ ಲೋಟ ಕೆಳಗಿಟ್ಟರು. "ಸುಮಾರು ಎರಡು ಇಂಚು ಅಂತ ಹೇಳ್ಲಿಕ್ಕೆ ನಿಮ್ಮನ್ನೆಂತಕ್ಕೆ ಇಟ್ಕೊಂಡದ್ದು ಮಾರಾಯ್ರೇ? ಅದನ್ನ ನನ್ನ ನಾಯಿಯೂ ಹೇಳ್ತದೆ!" ಎಂದು ಅದೇ ಮಳೆಯಲ್ಲಿ ವಾಪಸು ಅಟ್ಟಿದರು. ಹೋಗಿ ಬಂದು "ಒಂದು ಇಂಚು ತೊಂಬತ್ತೇಳು ಸೆಂಟು" ಎಂದೆ. ಅಂದಿನಿಂದ ಅವರು ಯಾವ ಹೊತ್ತಿನಲ್ಲಿ, ಯಾವ ವರ್ಷದ ಮಳೆ ಕೇಳಿದರೂ ನನ್ನ ಬಾಯಲ್ಲಿ ಸೆಂಟಿನವರೆಗೆ ಉತ್ತರ ಸಿದ್ಧ. ಅದೇ ನನ್ನ ಜಂಬವೂ ಆಯಿತು.

ಜಂಬ ಇದ್ದಲ್ಲಿ ಎಡವಟ್ಟೂ ಇರಬೇಕಲ್ಲ. ಒಂದು ಜನವರಿಯಲ್ಲಿ ಗ್ಲಾಸು ನನ್ನ ಕೈಜಾರಿ ಒಡೆಯಿತು. "ಮಡಿಕೇರಿಯಿಂದ ಬೇರೆ ತನ್ನಿ. ಹೋಗುವಾಗ ಮಾಪಕದ ಆಲಿಕೆ ತಕ್ಕೊಂಡು ಹೋಗಿ, ಅದಕ್ಕೆ ಸರಿಯಾದ ಗ್ಲಾಸೇ ಬೇಕು" ಎಂದು ಸಾಹುಕಾರರು ಹೇಳಿದ್ದರು. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲೆ ಆಲಿಕೆ ಇಟ್ಟುಕೊಂಡು ಕೂರಲು ನನಗೆ ನಾಚಿಕೆ. ಕಣ್ಣಳತೆಯಲ್ಲೇ ಒಂದು ಗ್ಲಾಸು ತಂದೆ. ಅದು ನಮ್ಮದಕ್ಕಿಂತ ಸಣ್ಣ ಬಾಯಿಯ ಮಾಪಕದ ಗ್ಲಾಸು. ಅಗಲ ಆಲಿಕೆಯಲ್ಲಿ ಬಿದ್ದ ನೀರನ್ನು ಅದಕ್ಕೆ ಸುರಿದರೆ ಬಿದ್ದ ಮಳೆಯ ಎರಡೂವರೆ ಪಟ್ಟು ತೋರಿಸುತ್ತದೆ. ನನಗೆಲ್ಲಿ ಗೊತ್ತು!

ಮಾರ್ಚಿನಲ್ಲಿ ಹೂ ಮಳೆ ಬಂತು. ರೊಬಸ್ಟಾ ಗಿಡದ ಮೊಗ್ಗುಗಳು ಕಾಯುವುದು ಆ ಮಳೆಗೇ. ಒಂದು ಇಂಚು ಬಿದ್ದರೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅರ್ಧ ಬಿದ್ದು ನಿಂತರೆ ಮೊಗ್ಗು ಅರೆಬರೆ ಬಿರಿದು ಕೆಡುತ್ತದೆ, ಕೂಡಲೇ ಸ್ಪ್ರಿಂಕ್ಲರ್ ಹಾಕಿ ಉಳಿದ ನೀರು ಕೊಡಬೇಕು. ನಾನು ಅಳೆದು "ಒಂದು ಇಂಚು ಇಪ್ಪತ್ತು ಸೆಂಟು" ಎಂದು ಸಾರಿದೆ. ಸಾಹುಕಾರರು ಕುಣಿಯುವುದೊಂದು ಬಾಕಿ. ಬಿಟ್ಟಂಗಾಲದಲ್ಲಿದ್ದ ತಮ್ಮ ಭಾವನಿಗೆ ಫೋನ್ ಹಚ್ಚಿ, "ನಿಮ್ಮಲ್ಲೆಷ್ಟು ಭಾವ? ನಲವತ್ತೈದೇ ಸೆಂಟಾ? ಪಾಪ!" ಎಂದು ಮರುಗಿದರು.

ಲೈನಿನ ಮುನಿಯಮ್ಮ ಮಾತ್ರ ಒಪ್ಪಲಿಲ್ಲ. ಲೈನು ಎಂದರೆ ತೋಟದ ಆಳುಗಳ ಸಾಲು ಮನೆ. ಮುನಿಯಮ್ಮ ಅಲ್ಲಿನ ಹೆಂಗಸರಿಗೆಲ್ಲ ಯಜಮಾನಿ. ಸೇಲಂ ಕಡೆಯಿಂದ ಅವಳ ಅಜ್ಜಿಯ ಕಾಲದಲ್ಲಿ ಬಂದ ಕುಟುಂಬ. ಅವಳು ಗಿಡದ ಬುಡದಲ್ಲಿ ತೋರುಬೆರಳು ಚುಚ್ಚಿ, "ಎನ್ನ ರೈಟ್ರಯ್ಯಾ, ಇಂಚು ಮೇಲೆ ಇಪ್ಪತ್ತಾ? ಬೆರಳು ಅರ್ಧ ಹೋಗಲ್ಲ, ಕೆಳಗೆ ಮಣ್ಣು ಪುಡಿಪುಡಿ ಐತೆ" ಎಂದಳು.

"ಗ್ಲಾಸ್ ಸುಳ್ಳು ಹೇಳ್ತದಾ ಮುನಿಯಮ್ಮ? ನಿನ್ ಬೆರಳೇ ದಪ್ಪ ಆಗೈತೆ" ಎಂದು ನಾನು ಗದರಿದೆ.

ಹಿಂದೆಯೇ ನಿಂತಿದ್ದ ಸಾಹುಕಾರರು ಬಗ್ಗಿ ತಮ್ಮ ಬೆರಳು ಚುಚ್ಚಿದರು. ಆಮೇಲೆ ನನ್ನ ಮುಖ ನೋಡಿದರು. ಅರ್ಧ ಗಂಟೆಯಲ್ಲಿ ಗ್ಲಾಸಿನ ಜಾತಕ ಹೊರಬಿತ್ತು. ನಮ್ಮಲ್ಲಿ ಬಿದ್ದದ್ದು ನಲವತ್ತೆಂಟೇ ಸೆಂಟು. ಸ್ಪ್ರಿಂಕ್ಲರ್ ಪೈಪುಗಳನ್ನು ನಾನೇ ಹೆಗಲ ಮೇಲೆ ಹೊತ್ತೆ. ಹೂ ಉಳಿಯಿತು. ಸಾಹುಕಾರರು ಬೈಯಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಿಟ್ಟಂಗಾಲದ ಭಾವ ಮಾತ್ರ ಆಮೇಲೆ ಎಷ್ಟೋ ವರ್ಷ ಪ್ರತಿ ಮಳೆಗೂ ಫೋನ್ ಮಾಡಿ, "ನಿಮ್ಮ ಒಂದು ಇಂಚಿಗೆ ನಮ್ಮದು ಎಷ್ಟು ಸೆಂಟು ಈಗ?" ಎಂದು ಕೇಳುತ್ತಿದ್ದರು. ಕಾವ್ಯ, ಗ್ಲಾಸು ಒಡೆದರೆ ದಯವಿಟ್ಟು ಆಲಿಕೆ ತೆಗೆದುಕೊಂಡು ಹೋಗು. ಬಸ್ಸಿನಲ್ಲಿ ನಗುವವರು ನಗಲಿ.

ನಾನು ಸೇರಿದಾಗ ಮಳೆಗೆ ಒಂದು ನಡವಳಿಕೆ ಇತ್ತು. ಮಾರ್ಚಿನಲ್ಲಿ ಹೂ ಮಳೆ, ಜೂನಿನಲ್ಲಿ ಮುಂಗಾರು, ಆಟಿ ತಿಂಗಳಲ್ಲಿ, ಅಂದರೆ ಕೊಡವರು ಕಕ್ಕಡ ಎನ್ನುವ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹಗಲಿರುಳು ಸುರಿತ. ಕಕ್ಕಡ ಕಳೆಯಿತೆಂದರೆ ಜೋರು ಮುಗಿಯಿತು ಎಂದು ಎಲ್ಲರೂ ಕಂಬಳಿ ಒಣಗಿಸಲು ಜಾಗ ನೋಡುತ್ತಿದ್ದರು. ಕೊನೆಕೊನೆಗೆ ಈ ನಡವಳಿಕೆ ಕೆಟ್ಟಿತು. ಜನವರಿಯಲ್ಲಿ ಕಣದಲ್ಲಿ ಒಣಗಲು ಹಾಕಿದ ಕಾಫಿಯ ಮೇಲೆ ಮಳೆ. ಒಂದೇ ಗಿಡದಲ್ಲಿ ಕೊಯ್ಯದ ಹಣ್ಣೂ ಇದೆ, ಅರಳಿದ ಹೂವೂ ಇದೆ, ಪಿಕಿಂಗ್ ಮಾಡುವ ಹೆಂಗಸರು ಹೂವಿಗೆ ಕೈ ತಾಗದ ಹಾಗೆ ಹಣ್ಣು ಬಿಡಿಸಬೇಕು. ಜೂನ್ ಬಂದರೂ ಆಕಾಶ ಖಾಲಿ. ಜನರೆಲ್ಲ "ಮಳೆ ಬದಲಾಗಿದೆ" ಎನ್ನುತ್ತಿದ್ದರು. ನಾನೊಬ್ಬ ಒಪ್ಪುತ್ತಿರಲಿಲ್ಲ. ನನ್ನ ಹತ್ತಿರ ಪುಸ್ತಕ ಇದೆಯಲ್ಲ! ವರ್ಷದ ಮೊತ್ತ ತೆಗೆದು ತೋರಿಸಿ, "ನೋಡ್ರಿ, ಅವತ್ತೂ ಹೆಚ್ಚುಕಮ್ಮಿ ಇಷ್ಟೇ, ಇವತ್ತೂ ಇಷ್ಟೇ. ಬದಲಾಗಿರೋದು ನಿಮ್ ಮಂಡೆ" ಎನ್ನುತ್ತಿದ್ದೆ.

ಆ ಪುಸ್ತಕಗಳನ್ನು ನೋಡಲು ಒಬ್ಬ ಹುಡುಗಿ ಬಂದಳು. ಹೆಸರು ಶ್ರುತಿ, ಮೈಸೂರಿನವಳು, ಮಳೆಯ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಳು. ಜಿಗಣೆಗೆ ಹೆದರಿ ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿದ್ದಳು, ಆದರೂ ಜಿಗಣೆಗಳು ಅವಳನ್ನು ಬಿಡಲಿಲ್ಲ. ನಾನು ನನ್ನ ಮೊತ್ತದ ಪಾಠ ಅವಳಿಗೂ ಒಪ್ಪಿಸಿದೆ.

ಅವಳು ಪುಟ ತಿರುವುತ್ತಲೇ, "ಮೊತ್ತ ಬಿಡಿ ಅಂಕಲ್. ದಿನ ಎಣಿಸೋಣ್ವಾ?" ಎಂದಳು.

"ಯಾವ ದಿನ?"

"ಎಷ್ಟು ದಿನ ಮಳೆ ಬಂತು, ಅದ್ರಲ್ಲಿ ಎಷ್ಟು ದಿನ ಸಿಕ್ಕಾಪಟ್ಟೆ ಬಂತು ಅಂತ. ಎರಡನ್ನೂ ಬೇರೆ ಬೇರೆ."

ಕರೆಂಟು ಹೋಗಿ ಅವಳ ಕಂಪ್ಯೂಟರ್ ಮಲಗಿತ್ತು. ಕಾಫಿ ತೋಟದಲ್ಲಿ ಎಣಿಸಲು ಸಾಮಾನಿಗೆ ಬರವೇ? ಸಿಪ್ಪೆ ಸುಲಿದ ಬೆಳ್ಳಗಿನ ಕಾಫಿ ಬೀಜ ಒಂದು ಬುಟ್ಟಿ ತಂದೆ, ಸಿಪ್ಪೆಯ ಸಮೇತ ಒಣಗಿದ ಕಪ್ಪು ಕಾಫಿ ಹಣ್ಣು, ಅಂದರೆ ಚೆರಿ, ಒಂದು ಬುಟ್ಟಿ. ವರ್ಷಕ್ಕೊಂದು ಡಬ್ಬಿಯ ಮುಚ್ಚಳ. ಸಾಧಾರಣ ಮಳೆಯ ದಿನಕ್ಕೆ ಒಂದು ಬೆಳ್ಳಗಿನ ಬೀಜ, ವಿಪರೀತ ಮಳೆಯ ದಿನಕ್ಕೆ ಒಂದು ಕಪ್ಪು ಚೆರಿ. ನಾನು ಓದುವುದು, ಅವಳು ಹಾಕುವುದು. ಮೂರು ದಿನ ಇದೇ ಕೆಲಸ. ಸಾಹುಕಾರರು ಬಂದು ನೋಡಿ, "ಚೆನ್ನೆಮಣೆ ಆಡ್ತಾ ಇದ್ದೀರಾ ಇಬ್ಬರೂ?" ಎಂದು ಹೋದರು. ಮೂರನೆಯ ದಿನ ಮುಚ್ಚಳಗಳನ್ನು ವರ್ಷಗಳ ಪ್ರಕಾರ ಜಗಲಿಯ ಉದ್ದಕ್ಕೂ ಜೋಡಿಸಿ ಎದ್ದು ನಿಂತೆವು. ಆ ತುದಿಯಿಂದ ಈ ತುದಿಗೆ ಬರುತ್ತ ಬೆಳ್ಳಗಿನ ಬೀಜ ಕಡಿಮೆಯಾಗುತ್ತ ಬಂದಿತ್ತು, ಕಪ್ಪು ಚೆರಿ ಹೆಚ್ಚುತ್ತ ಬಂದಿತ್ತು. ಒಂದೆರಡು ವರ್ಷ ಹಿಂದುಮುಂದಾಗಿದ್ದರೂ ಒಟ್ಟಿನ ದಾರಿ ಅದೇ. ಮೊತ್ತ ಅಷ್ಟೇ, ಆದರೆ ಮಳೆ ಬರುವ ರೀತಿಯೇ ಬೇರೆಯಾಗಿತ್ತು. ಇಷ್ಟು ವರ್ಷ ಪ್ರತಿ ಅಂಕಿಯನ್ನೂ ನನ್ನ ಕೈಯಿಂದಲೇ ಬರೆದಿದ್ದೆ, ಒಂದು ದಿನವೂ ಇದನ್ನು ನೋಡಿರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

"ಯಾಕಮ್ಮ ಹಿಂಗೆ?" ಎಂದು ಕೇಳಿದೆ.

"ಗಾಳಿ ಬಿಸಿ ಆದಷ್ಟೂ ಜಾಸ್ತಿ ನೀರಿನ ಆವಿ ಹಿಡ್ಕೊಳ್ಳುತ್ತೆ ಅಂಕಲ್. ನಾವು ಉರಿಸ್ತಿರೋ ಕಲ್ಲಿದ್ದಲು, ಪೆಟ್ರೋಲಿನಿಂದ ಭೂಮಿ ಬಿಸಿಯಾಗ್ತಿದೆ, ಅರಬ್ಬೀ ಸಮುದ್ರಾನೂ ಬಿಸಿಯಾಗಿದೆ. ಸಣ್ಣ ಕೊಡ ಬೇಗ ತುಂಬುತ್ತೆ, ಚೆಲ್ಲಿದ್ರೂ ಸ್ವಲ್ಪಾನೇ. ಹಂಡೆ ತುಂಬೋಕೆ ಹೊತ್ತು ಹಿಡಿಯುತ್ತೆ, ಮಗುಚಿದ್ರೆ ಮನೆಯೆಲ್ಲ ನೀರು. ಅದಕ್ಕೇ ಮಳೆ ಇಲ್ಲದ ದಿನಗಳೂ ಜಾಸ್ತಿ, ಬಂದಾಗ ಒಂದೇ ಸಲಕ್ಕೆ ಸುರಿಯೋದೂ ಜಾಸ್ತಿ."

"ಹಂಗಾರೆ ಇನ್ಮೇಲೆ ಬರೋ ದೊಡ್ಡ ಮಳೆ ಎಲ್ಲ ಅದ್ರಿಂದ್ಲೇ ಅನ್ನು."

"ಒಂದು ಮಳೆ ತೋರಿಸಿ ಇದು ಅದರಿಂದಲೇ ಅಂತ ಸುಮ್‌ಸುಮ್ನೆ ಹೇಳೋಕಾಗಲ್ಲ. ಮುಂಚೆನೂ ದೊಡ್ಡ ಮಳೆ ಬರ್ತಿತ್ತು. ಈಗ ಮತ್ತೆ ಮತ್ತೆ ಬರೋ ಸಾಧ್ಯತೆ ಜಾಸ್ತಿ, ಬಂದ್ರೆ ಮುಂಚಿಗಿಂತ ಜೋರಾಗಿರುತ್ತೆ. ಅಷ್ಟು ಹೇಳಬಹುದು." ಆಮೇಲೆ ಲೈನಿನ ಮೇಲಿದ್ದ ಗುಡ್ಡವನ್ನೂ, ಹೋಂಸ್ಟೇಗೆಂದು ಯಾರೋ ಅದರ ಸೊಂಟ ಕೊರೆದು ಮಾಡಿದ ಹೊಸ ರಸ್ತೆಯನ್ನೂ ನೋಡಿ, "ಒಂದು ದಿನದಲ್ಲಿ ಎಂಟು ಇಂಚು ಬಂದ್ರೆ ಆ ಗುಡ್ಡ ಕುಡಿಯುತ್ತೆ. ಅದೇ ಎಂಟು ಇಂಚು ಮೂರು ಗಂಟೇಲಿ ಬಂದ್ರೆ ಏನಾಗುತ್ತೋ ಗೊತ್ತಿಲ್ಲ. ನಿಮ್ಮ ಪುಸ್ತಕಕ್ಕೆ ಎರಡೂ ಒಂದೇ. ಜೋರು ಮಳೆ ದಿನ ಮೂರು ಗಂಟೆಗೊಂದ್ಸಲ ಅಳೀತೀರಾ ಅಂಕಲ್, ಪ್ಲೀಸ್?" ಎಂದಳು. ನಾನು ಗೊಣಗಿಕೊಂಡೇ ಒಪ್ಪಿದೆ. ಅವಳ ಕಾಲಿನ ಜಿಗಣೆಗಳನ್ನು ನೋಡಿ ಇಲ್ಲ ಎನ್ನಲು ಮನಸ್ಸಾಗಲಿಲ್ಲ.

ಇನ್ನು ಹೇಳುವುದು ಆ ದಿನದ ಸಂಗತಿ. ಕಕ್ಕಡ ಕಳೆದು ಐದು ದಿನವಾಗಿತ್ತು. ಒಂದು ವಾರದಿಂದ ಬಿಡದೆ ಹೊಡೆದ ಮಳೆ ಹಿಂದಿನ ದಿನವಷ್ಟೇ ಸ್ವಲ್ಪ ಹಿಡಿತಕ್ಕೆ ಬಂದಿತ್ತು. ಜೋರೆಲ್ಲ ಮುಗಿಯಿತು ಎಂದು ನಾನೂ ಸೇರಿ ಎಲ್ಲರೂ ನಂಬಿದ್ದೆವು. ಮುನಿಯಮ್ಮನ ಮಗಳು ಲಕ್ಷ್ಮಿ ಏಳು ತಿಂಗಳ ಬಸುರಿ. ಆಡಿ ತಿಂಗಳಲ್ಲಿ, ಅಂದರೆ ತಮಿಳರ ಕಕ್ಕಡದಲ್ಲಿ, ಬಸುರಿಗೆ ಬಳೆ ತೊಡಿಸುವ ಶಾಸ್ತ್ರ ಮಾಡುವಂತಿಲ್ಲ, ಅದಕ್ಕೆ ಮುನಿಯಮ್ಮ ಒಂದು ತಿಂಗಳು ಕಾದು, ಆಡಿ ಕಳೆದ ಮೇಲಿನ ಮೊದಲ ಒಳ್ಳೆಯ ದಿನ ಎಂದು ಅಂದೇ ಇಟ್ಟುಕೊಂಡಿದ್ದಳು. ಎಂಟು ಮನೆಯ ಲೈನಿನಲ್ಲಿ ಅಂದು ಯಾರೂ ಕೆಲಸಕ್ಕಿಲ್ಲ, ಎಲ್ಲರೂ ಅಡುಗೆಗೆ.

ಎಂಟೂವರೆಗೆ ಅಳೆದೆ, ಪಾತ್ರೆ ಖಾಲಿ ಮಾಡಿ ಇಟ್ಟೆ. ಒಂಬತ್ತಕ್ಕೆ ಮಳೆ ಹಿಡಿಯಿತು. ಕೊಡಗಿನ ಮಳೆ ನನಗೆ ಹೊಸದಲ್ಲ, ಆದರೆ ಇದಕ್ಕೆ ಹನಿಯೇ ಇರಲಿಲ್ಲ. ಆಫೀಸಿನ ಬಾಗಿಲಿನಿಂದ ಹತ್ತು ಹೆಜ್ಜೆಯಲ್ಲಿದ್ದ ಮಾಪಕ ಕಾಣುತ್ತಿರಲಿಲ್ಲ. ಹನ್ನೊಂದೂವರೆಗೆ ಶ್ರುತಿಗೆ ಕೊಟ್ಟ ಮಾತು ನೆನಪಾಗಿ, ಕೊಡೆ ಪ್ರಯೋಜನವಿಲ್ಲವೆಂದು ಗೊರಬೆ ಹಾಕಿಕೊಂಡು ಹೋದೆ. ಗೊರಬೆ ಎಂದರೆ ಬೆನ್ನಿಗೆ ಕವುಚಿಕೊಳ್ಳುವ ಎಲೆಯ ಮಳೆಗವಚ. ಮಾಪಕದ ಪಾತ್ರೆ ತುಂಬಿತ್ತು. ತುಂಬಿ, ಅಂಚಿನಿಂದ ಹರಿದು ಹೋಗುತ್ತಿತ್ತು. ನಮ್ಮಲ್ಲಿ ಒಂದು ಹಗಲಿನ ಎಂಥ ಮಳೆಯೂ ಹಿಡಿಯುತ್ತಿದ್ದ ಪಾತ್ರೆ ಅದು. ಮೂರು ಗಂಟೆಯಲ್ಲಿ ತುಂಬಿದ್ದನ್ನು ನಾನು ನೋಡಿರಲಿಲ್ಲ, ನನಗಿಂತ ಹಿಂದಿನವರು ಬರೆದದ್ದೂ ಇರಲಿಲ್ಲ.

ನಿಜ ಹೇಳಬೇಕು. ನನಗೆ ಮೊದಲು ಬಂದ ಯೋಚನೆ, "ಅಯ್ಯೋ, ಇವತ್ತಿನ ಲೆಕ್ಕ ಹಾಳಾಯ್ತಲ್ಲ!" ಎಂಬುದು. ಚೆಲ್ಲಿದ್ದು ಎಷ್ಟು ಎಂದು ಹುಲ್ಲಿನಲ್ಲಿ ಹುಡುಕುವವನ ಹಾಗೆ ಬಗ್ಗಿ ನೋಡುತ್ತ ನಿಂತಿದ್ದೆ. ಮೂರು ಗಂಟೆಯಲ್ಲಿ ಬಂದರೆ ಗುಡ್ಡ ಏನು ಮಾಡುತ್ತದೋ ಗೊತ್ತಿಲ್ಲ ಎಂದ ಆ ಹುಡುಗಿಯ ಮಾತು ಆಮೇಲೆ ತಲೆಗೆ ಹೊಕ್ಕಿತು. ಪಾತ್ರೆ ಅಲ್ಲೇ ಬಿಟ್ಟು ಲೈನಿಗೆ ಓಡಿದೆ.

ಲೈನಿನಲ್ಲಿ ಮದುವೆ ಮನೆಯ ಗದ್ದಲ. ನಿಂಬೆಹಣ್ಣಿನ ಚಿತ್ರಾನ್ನ, ಹುಳಿಯನ್ನ, ಮೊಸರನ್ನ, ಒಂದೊಂದು ಮನೆಯಲ್ಲಿ ಒಂದೊಂದು. ಲಕ್ಷ್ಮಿ ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಗುಡ್ಡದ ಒರತೆಯಿಂದ ಲೈನಿಗೆ ಬರುವ ಪೈಪಿನ ನೀರು ಕೆಂಪಗೆ, ಕೆಸರಾಗಿ ಬೀಳುತ್ತಿತ್ತು. ಗುಡ್ಡದ ಒಳಗಿನ ಮಣ್ಣು ಕರಗುತ್ತಿದೆ ಎಂದರ್ಥ.

"ಮುನಿಯಮ್ಮ, ಎಲ್ರೂ ಹೊರಡಿ. ಈಗಲೇ. ಗುಡ್ಡ ನಂಬೋ ಹಂಗಿಲ್ಲ."

"ಎಂತ ರೈಟ್ರಯ್ಯಾ, ಬಳೆ ಹಾಕೋ ಹೊತ್ತಲ್ಲಿ ಬಸುರಿ ಹುಡುಗೀನ ಮಳೇಲಿ ನಿಲ್ಸೋದಾ? ಒಂದು ತಿಂಗಳು ಕಾದಿದೀನಿ ಸಾಮಿ. ಶಾಸ್ತ್ರ ಅರ್ಧಕ್ಕೆ ಬಿಟ್ರೆ ಮಗೂಗೆ ಒಳ್ಳೇದಲ್ಲ. ಸಾಯಂಕಾಲ ಹೋಗೋಣ."

"ಸಾಯಂಕಾಲಕ್ಕೆ ಕಾಯೋ ಹಂಗಿಲ್ಲಮ್ಮ!"

"ಹೋಗೋದೆಲ್ಲಿಗೆ? ಗೊಬ್ಬರದ ಗೋದಾಮಲ್ಲಿ ಬಳೆ ಹಾಕ್ಸೋದಾ ನನ್ ಮಗಳಿಗೆ?"

ಆಗ ನನ್ನ ಬಾಯಿಂದ ಏನು ಬಂತೆಂದು ನನಗೇ ಗೊತ್ತಾಗಲಿಲ್ಲ. "ಬಂಗಲೇಲಿ ಮಾಡೋಣ. ದೊಡ್ಡ ಹಾಲಲ್ಲಿ. ಸಾವ್ಕಾರ್ರು ಬರೋಕ್ ಹೇಳಿದ್ದಾರೆ" ಎಂದುಬಿಟ್ಟೆ. ಶುದ್ಧ ಸುಳ್ಳು. ಲೈನಿನವರು ಬಂಗಲೆಯ ಮೆಟ್ಟಿಲು ದಾಟಿ ಒಳಗೆ ಕಾಲಿಟ್ಟದ್ದು ನನ್ನ ಸರ್ವೀಸಿನಲ್ಲಿಲ್ಲ. ಮುನಿಯಮ್ಮ ಬಾಯಿ ತೆರೆದು ನನ್ನನ್ನು ನೋಡಿದಳು. ಆಮೇಲೆ ಹಿಂದೆ ತಿರುಗಿ, "ಅಡೀ, ಬಂಗಲೇಲಂತೆ! ಎಲ್ಲ ಎತ್ಕೊಳ್ಳಿ!" ಎಂದು ಕೂಗಿದಳು.

ಆ ಮೆರವಣಿಗೆ ನೆನೆದರೆ ಈಗಲೂ ನಗು ಬರುತ್ತದೆ. ಮುಂದೆ ಕುರ್ಚಿಯ ಸಮೇತ ಲಕ್ಷ್ಮಿಯನ್ನು ನಾಲ್ವರು ಎತ್ತಿಕೊಂಡರೆ, ಅವಳ ತಲೆಯ ಮೇಲೆ ಕಾಫಿ ಒಣಗಿಸುವ ಟಾರ್ಪಾಲು. ಹಿಂದೆ ಚಿತ್ರಾನ್ನದ ಗುಂಡಿ, ಅಂದರೆ ಕಿವಿಯಿರುವ ದೊಡ್ಡ ಪಾತ್ರೆ, ಹುಳಿಯನ್ನದ ಗುಂಡಿ, ಬಳೆಯ ತಟ್ಟೆ, ಬುಟ್ಟಿಯಲ್ಲಿ ಕೋಳಿ, ಹಗ್ಗದಲ್ಲಿ ಎರಡು ಆಡು, ಕಂಕುಳಲ್ಲಿ ಮಕ್ಕಳು. ಯಾರೋ ಹೆಂಗಸು ಹಾಡು ಬೇರೆ ಶುರು ಮಾಡಿದಳು. ಬಂಗಲೆ ಎದುರಿನ ದಿಣ್ಣೆಯ ನೆತ್ತಿಯಲ್ಲಿತ್ತು. ಅದು ಗಟ್ಟಿ ಬಂಡೆಯ ಜಾಗ. ಅಷ್ಟು ದಾರಿಯಲ್ಲಿ ನಾನೊಬ್ಬ ಗುಡ್ಡದ ಕಡೆಗೇ ನೋಡುತ್ತ, ಇದ್ದಬದ್ದ ದೇವರನ್ನೆಲ್ಲ ನೆನೆಯುತ್ತ ನಡೆದೆ.

ಬಾಗಿಲು ತೆರೆದದ್ದು ಸಾಹುಕಾರರೇ. ಕೈಯಲ್ಲಿ ಪೇಪರು, ಎದುರಿಗೆ ಆಡು.

"ಎಂತ ರೈಟ್ರೇ ಇದು? ಯಾರನ್ನ ಕೇಳಿ ಇವರನ್ನೆಲ್ಲ ಕರ್ಕೊಂಡು ಬಂದದ್ದು?"

"ಯಾರ್ನೂ ಕೇಳಿಲ್ಲ ಸಾವ್ಕಾರ್ರೇ. ಲೈನ್ ಖಾಲಿ ಮಾಡ್ಸಿದೆ. ಮಳೆ ವಿಪರೀತ ಆಗೈತೆ."

"ಮಳೆಗಾಲದಲ್ಲಿ ಮಳೆ ಬಾರದೆ ಇನ್ನೆಂತ ಬರ್ತದೆ? ಎಷ್ಟು ಇಂಚು?"

ನಾನು ಬಾಯಿ ತೆರೆದೆ. "ಗೊತ್ತಿಲ್ಲ ಸಾವ್ಕಾರ್ರೇ" ಎಂದೆ.

ಸಾಹುಕಾರರ ಕೈಯಲ್ಲಿದ್ದ ಪೇಪರು ಕೆಳಗಿಳಿಯಿತು. "ಗೊತ್ತಿಲ್ಲವಾ?"

"ಪಾತ್ರೆ ತುಂಬಿ ಹರೀತಾ ಐತೆ. ಎಂಟೂವರೆಗೆ ಖಾಲಿ ಮಾಡಿದ್ದು."

ಅವರು ತಿರುಗಿ ಒಳಗೆ ಕೂಗಿದರು, "ಕೇಳ್ತಾ? ಹಾಲಿನ ಸೋಫಾ ಎಲ್ಲ ಗೋಡೆಗೆ ಸರಿಸ್ಲಿಕ್ಕೆ ಹೇಳು. ಲೈನಿನವರೆಲ್ಲ ಒಳಗೆ ಬರ್ತಾರೆ." ಆಮೇಲೆ ಆಡಿನ ಕಡೆ ನೋಡಿ, "ಇದು ಮಾತ್ರ ಕಾರ್ ಶೆಡ್ಡಿಗೆ" ಎಂದರು.

ಅಮ್ಮಾವರು, ಅಂದರೆ ಸಾಹುಕಾರರ ಹೆಂಡತಿ, ಬಂದು ನೋಡಿದವರು ಎರಡೇ ನಿಮಿಷದಲ್ಲಿ ಎಲ್ಲವನ್ನೂ ಕೈಗೆ ತೆಗೆದುಕೊಂಡರು. ಲಕ್ಷ್ಮಿಯ ಒದ್ದೆ ಸೀರೆ ಬಿಚ್ಚಿಸಿ ತಮ್ಮದೊಂದು ಸೀರೆ ಉಡಿಸಿದರು. ಬಳೆ ತೊಡಿಸಲು ಮೊದಲು ಅವರೇ ಕೂರಬೇಕೆಂದು ಮುನಿಯಮ್ಮ ಹಠ ಮಾಡಿದಳು. ಹಾಲಿನ ಗೋಡೆಯ ಮೇಲಿನ ಹಳೆಯ ಕೋವಿಗಳ ಕೆಳಗೆ ಗಾಜಿನ ಬಳೆಗಳ ಸದ್ದು ಕೇಳಿಸಿತು. ನಾನು ಹಾಜರಿ ಪುಸ್ತಕ ತೆಗೆದು ತಲೆ ಎಣಿಸಿದೆ. ಲೈನಿನವರು, ಬಂದ ನೆಂಟರು, ಮಕ್ಕಳು ಎಲ್ಲ ಸೇರಿ ಮೂವತ್ತೊಂದು ಇರಬೇಕು. ಮೂವತ್ತು ಇತ್ತು.

ಇಲ್ಲದವನು ಮುನಿಯಮ್ಮನ ತಮ್ಮ ಸೆಲ್ವ. ಮೊಸರನ್ನದ ಗುಂಡಿ ಗಡಿಬಿಡಿಯಲ್ಲಿ ಲೈನಿನಲ್ಲೇ ಉಳಿದಿತ್ತು, ತರಲು ವಾಪಸು ಹೋಗಿದ್ದಾನೆ ಎಂದು ಯಾರೋ ಹೇಳಿದರು. ಮೆಟ್ಟಿಲಿಳಿದು ಇಳಿಜಾರಿನಲ್ಲಿ ಅರ್ಧ ಓಡಿದೆ, ಕಿರುಚಿದೆ, ಮಳೆಯಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ತಲೆಯ ಮೇಲೊಂದು ಗುಂಡಿ, ಅದರ ಕೆಳಗೆ ಸೆಲ್ವ, ಆರಾಮವಾಗಿ ಹತ್ತಿ ಬಂದ. "ಮೊಸರನ್ನ ಇಲ್ದೆ ಶಾಸ್ತ್ರ ಮುಗಿಯಲ್ಲ ಅಂತ ಅಕ್ಕ ಬೈತಾಳೆ ರೈಟ್ರೇ" ಎಂದ. ಅವನ ಕೆನ್ನೆಗೆ ಎರಡು ಕೊಡಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಗುಂಡಿಯ ಒಂದು ಕಿವಿ ಹಿಡಿದು ಮೇಲೆ ಬಂದೆ.

ನಾನೂ ಸೆಲ್ವನೂ ಮೇಲೆ ಬಂದು ಕಾಲು ಗಂಟೆ ಆಗಿರಲಿಲ್ಲ. ಎಲೆ ಹಾಕಿ ಚಿತ್ರಾನ್ನ ಬಡಿಸುತ್ತಿದ್ದರು. ನೆಲ ಸಣ್ಣಗೆ ನಡುಗಿತು, ಲೋಟಗಳು ಟಣಟಣ ಎಂದವು, ಆಮೇಲೆ ಒಂದು ದೀರ್ಘವಾದ ಸದ್ದು. ಎಲ್ಲರೂ ಜಗಲಿಗೆ ಓಡಿದೆವು. ಹೊಸ ರಸ್ತೆ ಕೊರೆದ ಜಾಗದಿಂದ ಗುಡ್ಡ ಬಿಚ್ಚಿಕೊಂಡು ಬಂದು ಲೈನಿನ ಮೇಲೆ ಕೂತಿತ್ತು. ಎಂಟು ಮನೆಯಲ್ಲಿ ಕೊನೆಯದರ ಒಂದು ಗೋಡೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮುನಿಯಮ್ಮ ಒಬ್ಬೊಬ್ಬರದೇ ಹೆಸರು ಕರೆದು ತಲೆ ಮುಟ್ಟುತ್ತ ಬಂದಳು. ಎಲ್ಲರದೂ ಮುಗಿದ ಮೇಲೆ ನನ್ನ ತಲೆಯನ್ನೂ ಮುಟ್ಟಿದಳು. ನಾನು ಅತ್ತೆ, ಮುಚ್ಚಿಟ್ಟುಕೊಳ್ಳುವುದೇನಿದೆ. ಆಗ ಸಾಹುಕಾರರು, "ಅನ್ನ ತಣ್ಣಗಾಗ್ತದೆ, ಎಲ್ಲರೂ ಕೂತ್ಕೊಳ್ಳಿ. ನಾನೂ ಕೂರ್ತೇನೆ" ಎಂದು ಹಾಲಿನ ನೆಲದ ಮೇಲೆ ಮೊದಲ ಎಲೆಗೆ ಕೂತರು. ಅಂಥ ಚಿತ್ರಾನ್ನ ನಾನು ಮತ್ತೆ ತಿಂದಿಲ್ಲ. ಸೆಲ್ವನ ಮೊಸರನ್ನವನ್ನು ಸಾಹುಕಾರರು ಮೂರು ಸಲ ಹಾಕಿಸಿಕೊಂಡರು.

ಎರಡು ತಿಂಗಳು ಎಂಟು ಸಂಸಾರಗಳೂ ಬಂಗಲೆಯಲ್ಲೇ ಇದ್ದವು. ಹೊಸ ಲೈನನ್ನು ಗುಡ್ಡದಿಂದ ದೂರ, ದಿಣ್ಣೆಯ ಮೇಲೆ ಕಟ್ಟಿಸಿದರು. ಶ್ರುತಿ ಹೇಳಿ ತರಿಸಿದ ಹೊಸ ಮಾಪಕ ಈಗ ತಾನೇ ಅಳೆದು ಗಂಟೆಗೊಂದು ಸಲ ಫೋನಿಗೆ ತಿಳಿಸುತ್ತದೆ. ಕಾವ್ಯ ಅದನ್ನು ನೋಡಿಕೊಂಡು, ಒಂದು ಗಂಟೆಯ ಮಳೆ ಗೊತ್ತು ಮಾಡಿದ ಗೆರೆ ದಾಟಿದರೆ, ಗುಡ್ಡದ ಬುಡದಲ್ಲಿ ಕೆಲಸ ಮಾಡುವವರು ಮೇಲೆ ಬರಲೆಂದು ಗಂಟೆ ಬಾರಿಸುತ್ತಾಳೆ. ಎರಡು ಸಲ ಬಾರಿಸಿದ್ದಾಳೆ, ಎರಡು ಸಲವೂ ಗುಡ್ಡ ಬೀಳಲಿಲ್ಲ, ಜನ ನಗುತ್ತ ವಾಪಸು ಹೋದರು. "ನನ್ನನ್ನ ಆಡ್ಕೊಂಡು ನಗ್ತಾರೆ ಸಾರ್" ಎಂದಳು. ನಗುತ್ತ ವಾಪಸು ಹೋದರಲ್ಲ, ನಿನ್ನ ಕೆಲಸ ಆದದ್ದೇ ಅದು ಎಂದು ಹೇಳಿದೆ.

ಉಳಿದದ್ದು ಆ ದಿನದ ಪುಟ. ಮೂವತ್ತಾರು ವರ್ಷದಲ್ಲಿ ನಾನು ಮಳೆಯ ಕಾಲಂ ಖಾಲಿ ಬಿಟ್ಟವನಲ್ಲ. ಅಂದು ಸಂಜೆ ಬಂಗಲೆಯ ಜಗಲಿಯಲ್ಲಿ ಪುಸ್ತಕ ತೆರೆದೆ. ಅಂದಾಜಿನಲ್ಲಿ ಒಂದು ಅಂಕಿ ಬರೆಯಬಹುದಿತ್ತು. ಬರೆಯಲು ಕೈ ಬರಲಿಲ್ಲ. ಕೊನೆಗೆ, "ಪಾತ್ರೆ ತುಂಬಿ ಹರಿಯಿತು. ಅಳತೆ ಸಿಗಲಿಲ್ಲ. ಲೈನು ಹೋಯಿತು. ಮೂವತ್ತೊಂದು ಜನ, ಎಲ್ಲರೂ ಇದ್ದಾರೆ" ಎಂದು ಬರೆದೆ.

ಮುನಿಯಮ್ಮ ಕಾಫಿ ತಂದವಳು ಹಿಂದೆ ನಿಂತು, "ಎಂತ ಬರೆದಿದೀರಾ, ಓದಿ" ಎಂದಳು. ಓದಿದೆ.

"ತಪ್ಪು ರೈಟ್ರಯ್ಯಾ. ಮೂವತ್ತೆರಡು."

ನಾನು ಗಾಬರಿಯಾಗಿ ಪುಸ್ತಕ ಮುಚ್ಚಿ ಎದ್ದೇಬಿಟ್ಟೆ. ಯಾರನ್ನು ಬಿಟ್ಟೆ, ಯಾರು ಮಣ್ಣಿನ ಕೆಳಗಿದ್ದಾರೆ ಎಂದು ಮತ್ತೆ ತಲೆ ಎಣಿಸಲು ಹೊರಟೆ. ಮುನಿಯಮ್ಮ ನಗುತ್ತ ಹಾಲಿನ ಒಳಗೆ ಕೈ ತೋರಿಸಿದಳು. ಅಮ್ಮಾವರ ಸೀರೆ ಉಟ್ಟು, ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಲಕ್ಷ್ಮಿ ನಿದ್ದೆ ಹೋಗಿದ್ದಳು.

ನಾನು ಕೂತು, ಮೂವತ್ತೊಂದನ್ನು ಹೊಡೆದು ಮೂವತ್ತೆರಡು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ.